ಕಿಟಕಿಯಲ್ಲಿ ಕ್ರೋಶಾ ಹೂ, ಬಿಸಿಲಲ್ಲಿ ರಂಗೋಲಿ

ಟಿ.ವಿ. ಮೇಲೆ, ಫ್ರಿಜ್ ಮೇಲೆ, ಟೀಪಾಯಿ ಮೇಲೆ ಬಿಳಿ ಕ್ರೋಶಾ ಡಾಯ್ಲಿ (ಜಾಲರಿಯಂಥ ಪುಟ್ಟ ಹಾಸು) ಹಾಸುವುದು ಒಂದು ಕಾಲದಲ್ಲಿ ಮಾಮೂಲಾಗಿತ್ತು. ಟಿ.ವಿ. ಗೋಡೆ ಏರಿತು, ಡಾಯ್ಲಿ ಬೀರು ಸೇರಿತು. ಅದೇ ಕೆಲಸವನ್ನು ಈಗ ಕಿಟಕಿಗೆ ತರಬಹುದು. ಪುಟ್ಟ ಡಾಯ್ಲಿ ಹೆಣೆದು, ರಿಂಗಿಗೆ ಬಿಗಿದು, ಕೆಳಗೆ ಗಾಜಿನ ಮಣಿ ಇಳಿಬಿಟ್ಟರೆ ಸನ್‌ಕ್ಯಾಚರ್, ಅಂದರೆ ಬಿಸಿಲು ಹಿಡಿದು ನೆರಳು, ಬಣ್ಣ ಚೆಲ್ಲುವ ತೂಗು ಅಲಂಕಾರ, ತಯಾರು. ಮೇಜಿನ ಮೇಲೆ ಕಣ್ಣಿಗೆ ಬೀಳುವುದು ದಾರ. ಕಿಟಕಿಯಲ್ಲಿ ಕೆಲಸ ಮಾಡುವುದು ಕಿಂಡಿ. ಹಾಗಾಗಿ ದಟ್ಟ ಡಿಸೈನ್ ಬೇಡ.

ಏನೇನು ಬೇಕು?

20 ನಂಬರಿನ ಬಿಳಿ ಕಾಟನ್ ದಾರ, 1.25 ಮಿ.ಮೀ. ಕ್ರೋಶಾ ಕಡ್ಡಿ, 4 ಇಂಚಿನ ರಿಂಗ್ (ಎಂಬ್ರಾಯ್ಡರಿ ಫ್ರೇಮಿನ ಒಳಗಿನ ಬಳೆ ಸಾಕು), ಫೆವಿಕಾಲ್, ತುಕ್ಕು ಹಿಡಿಯದ ಗುಂಡುಪಿನ್, ಥರ್ಮಾಕೋಲ್ ತುಂಡು, ಪಟ್ಟೆ ಕೊಯ್ದ (ವಜ್ರದ ಹಾಗೆ ಹಲವು ಚಪ್ಪಟೆ ಮುಖಗಳಿರುವ) ಗಾಜಿನ ಮಣಿಗಳು. ನಂಬರ್ ಜಾಸ್ತಿಯಾದಷ್ಟೂ ದಾರ ತೆಳ್ಳಗಾಗುತ್ತದೆ. ಹೊಸಬರು 10 ನಂಬರ್ ತಗೊಳ್ಳಿ; ಆಗ ಕಡ್ಡಿ 1.5, ರಿಂಗ್ 5 ಇಂಚು. ಬಣ್ಣದ ದಾರ ಬಿಸಿಲಿಗೆ ಮಾಸುತ್ತದೆ, ಆಸೆ ಬಿಡಿ.

ಹೆಣೆಯುವ ತಾಳ್ಮೆ ಇಲ್ವಾ? ಆಂಧ್ರದ ನರಸಾಪುರದ ಹೆಂಗಸರು ಕೈಯಲ್ಲಿ ಹೆಣೆದ ಲೇಸ್ ಕರಕುಶಲ ಮೇಳಗಳಲ್ಲಿ ಸಿಕ್ಕರೆ ಕೊಂಡುತನ್ನಿ, ನೇರ ಫೆವಿಕಾಲ್ ಹಂತಕ್ಕೆ ಬನ್ನಿ.

ಐದು ಸುತ್ತಿನ ಡಾಯ್ಲಿ

ಕಡ್ಡಿಗೆ ದಾರ ಒಮ್ಮೆ ಸುತ್ತಿ, ತೂರಿಸಿ, ದಾರ ಎಳೆದರೆ ಮೂರು ಕುಣಿಕೆ ಬರುತ್ತವೆ. ಎರಡೆರಡಾಗಿ ಎರಡು ಸಲ ಬಿಡಿಸಿದರೆ ಒಂದು ಕಂಬ. ದಾರ ಸುತ್ತದೆ ತೂರಿಸಿ, ಬರುವ ಎರಡು ಕುಣಿಕೆಯನ್ನು ಒಟ್ಟಿಗೆ ಬಿಡಿಸಿದರೆ ಸಿಂಗಲ್. ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ದಾರ ಎಳೆದರೆ ಒಂದು ಚೈನ್. ತೂರಿಸಿ ಎಳೆದ ದಾರವನ್ನು ಆ ಕುಣಿಕೆಯಿಂದಲೂ ನೇರ ಹೊರತಂದರೆ ಸ್ಲಿಪ್ ಸ್ಟಿಚ್. ಇಷ್ಟು ಗೊತ್ತಿದ್ದರೆ ಸಾಕು.

8 ಚೈನ್ ಹಾಕಿ, ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ ಉಂಗುರ ಮಾಡಿ.

ಸುತ್ತು 1: 3 ಚೈನ್ ಹಾಕಿ, ಇದೇ ಮೊದಲ ಕಂಬ. ಉಂಗುರದೊಳಗೆ ಇನ್ನೂ 23 ಕಂಬ ಹಾಕಿ ಸೇರಿಸಿ. ಒಟ್ಟು 24. ಎಣಿಸದೆ ಮುಂದೆ ಹೋಗಬೇಡಿ. ಒಂದು ಕಂಬ ತಪ್ಪಿದರೂ ಮುಂದಿನ ಸುತ್ತು ಕೂಡುವುದಿಲ್ಲ.

ಸುತ್ತು 2: 5 ಚೈನ್ (3 ಕಂಬಕ್ಕೆ, 2 ಕಿಂಡಿಗೆ). ಒಂದು ಕಂಬ ಬಿಟ್ಟು ಇನ್ನೊಂದರ ಮೇಲೆ 1 ಕಂಬ, 2 ಚೈನ್. ಸುತ್ತಲೂ ಹೀಗೇ. ಕೊನೆಗೆ ಮೊದಲ ಐದರಲ್ಲಿ ಮೂರನೇ ಚೈನಿಗೆ ಸೇರಿಸಿ. 12 ಕಿಂಡಿ ಸಿಗುತ್ತವೆ.

ಸುತ್ತು 3: ಸ್ಲಿಪ್ ಸ್ಟಿಚ್‌ನಲ್ಲಿ ಕಿಂಡಿಗೆ ಸರಿದು, ಪ್ರತಿ ಕಿಂಡಿಯೊಳಗೆ 3 ಕಂಬ, ನಡುನಡುವೆ 2 ಚೈನ್. ಮೊದಲ ಕಂಬದ ಬದಲು ಎಂದಿನಂತೆ 3 ಚೈನ್.

ಸುತ್ತು 4: 2 ಚೈನಿನ ಜಾಗಕ್ಕೆ ಸರಿದು 1 ಸಿಂಗಲ್, 7 ಚೈನ್. ಮುಂದಿನ ಜಾಗದಲ್ಲೂ ಅದೇ. 12 ಕಮಾನು.

ಸುತ್ತು 5: ಪ್ರತಿ ಕಮಾನಿನೊಳಗೆ 1 ಸಿಂಗಲ್, 3 ಕಂಬ, 3 ಚೈನ್, 3 ಕಂಬ, 1 ಸಿಂಗಲ್. 12 ಎಸಳಾಯಿತು, ಒಂದೊಂದರ ತುದಿಗೂ ಪುಟ್ಟ ಕುಣಿಕೆ.

ಈಗ ಡಾಯ್ಲಿ ಮುದುರಿಕೊಂಡೇ ಇರುತ್ತದೆ. ಗಾಬರಿ ಬೇಡ.

ಗರಿಗರಿ ಮಾಡುವುದು

ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು ಬೆರೆಸಿ ಡಾಯ್ಲಿಯನ್ನು ಅದ್ದಿ ಹಿಂಡಿ. ಅನ್ನದ ಗಂಜಿಯೂ ಆಗುತ್ತದೆ, ಆದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಸಕ್ಕರೆ ಪಾಕ ಹಳೇ ಉಪಾಯ. ಇರುವೆಗೆ ಸುಮ್ನೆ ಔತಣ ಅಷ್ಟೇ. ಕಾಗದದ ಮೇಲೆ ಗಡಿಯಾರದ ಹಾಗೆ ವೃತ್ತ ಬರೆದು 12 ಗುರುತು ಹಾಕಿ. ಥರ್ಮಾಕೋಲ್ ಮೇಲೆ ಆ ಕಾಗದ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಒಂದೊಂದು ಕುಣಿಕೆಯನ್ನೂ ಒಂದೊಂದು ಗುರುತಿಗೆ ಎಳೆದು ಪಿನ್ ಚುಚ್ಚಿ. ದಾರಗಳ ನಡುವೆ ಅಂಟಿನ ಪರೆ ಕಟ್ಟಿದ್ದರೆ ಊದಿ ಒಡೆಯಿರಿ. ರಾತ್ರಿಯಿಡೀ ಒಣಗಲಿ.

ರಿಂಗಿಗೆ ಕಟ್ಟುವಾಗ ಮೊದಲು 12 ಗಂಟೆಯ ಕುಣಿಕೆ, ಆಮೇಲೆ 6, ನಂತರ 3 ಮತ್ತು 9. ಉಳಿದವು ಕೊನೆಗೆ. ಒಂದು ಕಡೆಯಿಂದ ಸಾಲಾಗಿ ಕಟ್ಟುತ್ತಾ ಹೋದರೆ ಡಾಯ್ಲಿ ಆ ಬದಿಗೇ ವಾಲುತ್ತದೆ.

ಮಣಿ, ಕಿಟಕಿ, ಬಿಸಿಲು

ದಾರದಿಂದ ನೆರಳು ಸಿಗುತ್ತದೆ, ಬಣ್ಣ ಬರುವುದು ಮಣಿಯಿಂದ. ಪಟ್ಟೆ ಕೊಯ್ದ ಗಾಜು ಬಿಳಿ ಬೆಳಕನ್ನು ಏಳು ಬಣ್ಣಕ್ಕೆ ಒಡೆಯುತ್ತದೆ. ನುಣ್ಣನೆಯ ಗುಂಡು ಗಾಜು ಮಾತ್ರ ತೂಗುಹಾಕಬೇಡಿ. ಅದು ಭೂತಗನ್ನಡಿಯ ಕೆಲಸ ಮಾಡಿ ಪರದೆ ಸುಟ್ಟೀತು.

ಜಾಗವೂ ಮುಖ್ಯ. ನಮ್ಮ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಸಜ್ಜಾ ದಾಟಿ ಬಿಸಿಲು ಒಳಗೆ ಬರುವುದಿಲ್ಲ. ಪೂರ್ವದ ಅಥವಾ ಪಶ್ಚಿಮದ ಕಿಟಕಿ ಹುಡುಕಿ, ಅಲ್ಲಿ ಓರೆ ಬಿಸಿಲು ಒಳಗಿನವರೆಗೂ ಚಾಚುತ್ತದೆ.

ನೆರಳು ಗೋಡೆಯ ಮೇಲೆ ಕಲಸಿದಂತೆ ಕಂಡರೆ ಹೆಣಿಗೆಯನ್ನು ಬೈಯಬೇಡಿ. ಸೂರ್ಯ ನಮಗೆ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಒಂದು ಮೀಟರ್ ದೂರಕ್ಕೆ ನೆರಳಿನ ಅಂಚು ಸುಮಾರು 9 ಮಿ.ಮೀ. ಹರಡುತ್ತದೆ. ನಮ್ಮ ಕಿಂಡಿಗಳೇ ಅದಕ್ಕಿಂತ ಚಿಕ್ಕವು, ಅಲ್ವಾ? ನೆರಳು ಅರ್ಧ ಅಡಿಯೊಳಗೆ ಯಾವುದಾದರೂ ತೆಳು ಬಿಳಿ ಪರದೆಗೋ ಕಿಟಕಿಯ ಪಕ್ಕದ ಗೋಡೆಗೋ ಬೀಳುವಂತೆ ತೂಗುಹಾಕಿ, ಎಸಳು ಎಣಿಸಬಹುದು.

ಧೂಳು ಕೂತರೆ ಒಣ ಬ್ರಷ್‌ನಿಂದ ತೆಗೆಯಿರಿ. ನೀರಿನಲ್ಲಿ ಅದ್ದಿದರೆ ಫೆವಿಕಾಲ್ ಮೆತ್ತಗಾಗಿ ಡಾಯ್ಲಿ ಜೋತುಬೀಳುತ್ತದೆ, ಮತ್ತೆ ಪಿನ್ ಚುಚ್ಚಬೇಕು.