ಮಲೆನಾಡಲ್ಲಿ ಹಳೇ ತೊಟ್ಟಿಮನೆ ತಗೊಳೋ ಮುಂಚೆ

ತೀರ್ಥಹಳ್ಳಿ, ಕೊಪ್ಪ ಕಡೆ ಹಳೇ ತೊಟ್ಟಿಮನೆ ಮಾರಾಟಕ್ಕಿದೆ ಅಂದ್ರೆ ಮೊದ್ಲು ಜೋರು ಮಳೆಗಾಲದಲ್ಲೇ ಹೋಗಿ ನೋಡಿ, ಬೇಸಿಗೆಲಿ ಎಲ್ಲಾ ಮನೆನೂ ಚಂದಾನೇ ಕಾಣತ್ತೆ, ಸೋರೋದು ಗೊತ್ತಾಗೋದು ಆಷಾಢದಲ್ಲಿ. ಅಂಗಳದ ನೀರು ಎಲ್ಲಿಂದ ಆಚೆ ಹೋಗತ್ತೆ ನೋಡಿ. ಆಮೇಲೆ ಅಟ್ಟ ಹತ್ತಿ, ಟಾರ್ಚ್ ಹಿಡ್ಕೊಂಡು ತೊಲೆ ಗೋಡೆ ಸೇರೋ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಕುಟ್ಟಿ, ಗಟ್ಟಿ ಮರ ಟಣ್ ಅನ್ನತ್ತೆ, ಗೆದ್ದಲು ತಿಂದಿದ್ರೆ ಡಬ್ ಅಂತ ಪೊಳ್ಳು ಸದ್ದು ಬಂದು ಮಣ್ಣು ಉದುರತ್ತೆ. ಹಂಚಿನ ಕೆಳಗಿನ ಪಕಾಸಿ (ಇಳಿಜಾರು ಮರ), ರೀಪು (ಅಡ್ಡಪಟ್ಟಿ) ಬದಲಾಯಿಸ್ಬೋದು, ಆದ್ರೆ ದೊಡ್ಡ ತೊಲೆ ಹೋಗಿದ್ರೆ ಖರ್ಚು ಭಾರಿ. ಒಂದು ಹಂಚು ತೆಗೆಸಿ ಹಿಂದೆ ಮುದ್ರೆ ಓದಿ, ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಅಂತಿದ್ರೆ ದಯವಿಟ್ಟು ಎಸೀಬೇಡಿ, ಅವ್ರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು, ಆ ಹಂಚನ್ನ ತೊಳೆದು ಮತ್ತೆ ಹೊದಿಸ್ಬೋದು.

ಕಾಗದಪತ್ರ ಇನ್ನೂ ಮುಖ್ಯ. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ ದಾಖಲೆ), ಇಸಿ (ಋಣಭಾರ ಪತ್ರ) ತೆಗೆಸಿ, ಮನೆ ಗ್ರಾಮಠಾಣಾದಲ್ಲಿದ್ರೆ (ಊರಿನ ಜನವಸತಿ ಜಾಗ) ಪಂಚಾಯ್ತಿ ಕೊಡೋ ಇ-ಸ್ವತ್ತು ಆಸ್ತಿ ದಾಖಲೆ ಕೇಳಿ. ಪಿತ್ರಾರ್ಜಿತ ಆಸ್ತಿ ಆದ್ರೆ ಹೆಣ್ಮಕ್ಕಳೂ ಸೇರಿ ಎಲ್ಲಾ ಹಕ್ಕುದಾರರ ಸಹಿ ಇಲ್ದೆ ಅಡ್ವಾನ್ಸ್ ಕೊಡ್ಲೇಬೇಡಿ. ದಾರಿ ಪಕ್ಕದವ್ರ ತೋಟದ ಮೇಲೆ ಹಾದು ಹೋಗ್ತಿದ್ರೆ ಆ ಹಕ್ಕನ್ನೂ ಕ್ರಯಪತ್ರದಲ್ಲೇ ಬರೆಸ್ಕೊಳಿ.