ಅಡಿಸ್ ಅಬಾಬಾದಲ್ಲಿ ಖಡಕ್ ರೊಟ್ಟಿ: ನನ್ನ ಅನುಭವ

ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ನಮ್ಮ ರಾಯಭಾರ ಕಚೇರಿಯ ಕೆಲಸ ಮುಗಿಸಿ ಕುಷ್ಟಗಿಗೆ ವಾಪಸ್ ಬಂದ ಮೇಲೆ ಮೂರು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಸರ್, ಅಡಿಸ್‌ನಲ್ಲಿ ಅಷ್ಟು ರೊಟ್ಟಿ ಹೆಂಗೆ ಮಾಡಿದ್ರಿ?" ಮೂವರೂ ಈಗ ಹೊರಗಿನ ಪೋಸ್ಟಿಂಗ್‌ನಲ್ಲಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅನ್ನಿಸಿತು. ನೋಟ್ ವರ್ಬಾಲ್ (ರಾಯಭಾರ ಕಚೇರಿಯ ಔಪಚಾರಿಕ ಪತ್ರ) ಬರೆಯೋದು, ಗೆಸ್ಟ್ ಲಿಸ್ಟ್‌ನಲ್ಲಿ ಯಾರ ಹೆಸರು ಯಾರಿಗಿಂತ ಮೇಲೆ, ಅದೆಲ್ಲ ನಿಮಗೆ ಗೊತ್ತೇ ಇದೆ, ಬಿಡ್ತೀನಿ.

2023 ಸಿರಿಧಾನ್ಯದ ವರ್ಷ. ವಿಶ್ವಸಂಸ್ಥೆ ಘೋಷಿಸಿದ್ದು, ಕೇಳಿದ್ದು ನಮ್ಮ ಭಾರತವೇ. ಹಾಗಾಗಿ ಹೊರದೇಶದ ನಮ್ಮ ಎಲ್ಲ ಮಿಷನ್‌ಗಳಲ್ಲೂ, ಅಂದ್ರೆ ರಾಯಭಾರ ಕಚೇರಿಗಳಲ್ಲೂ, ಜೋಳ, ನವಣೆ, ಸಜ್ಜೆ ಅಂತ ಕಾರ್ಯಕ್ರಮ. ನಾನು ಅಲ್ಲಿ ಅಟಾಶೆ, ಅಂದ್ರೆ ಕಚೇರಿಯ ಒಬ್ಬ ಅಧಿಕಾರಿ, ಪ್ರೋಟೋಕಾಲ್ ಮತ್ತು ಊಟದ ವ್ಯವಸ್ಥೆ ನನ್ನ ತಲೆಗೆ. ಜನವರಿ 26ರ ರಿಸೆಪ್ಷನ್‌ಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಇಡೋಣ ಅಂದೆ. ಮೀಟಿಂಗ್‌ನಲ್ಲಿ ನಕ್ಕರು. ಹೋಟೆಲಿನಿಂದ ಸಮೋಸ ತರಿಸಿ ಸುಮ್ನಿರು ಅಂದರು. ಜೋಳದ ಸೀಮೆಯಿಂದ ಬಂದವನು ನಾನು, ಸುಮ್ಮನಿರ್ತೀನಾ?

ಮೊದಲ ತಪ್ಪು ಹಿಟ್ಟಿನದು. ಡಿಪ್ಲೊಮ್ಯಾಟಿಕ್ ಬ್ಯಾಗಿನಲ್ಲಿ, ಅಂದ್ರೆ ರಾಯಭಾರ ಕಚೇರಿಗೆ ಹೋಗೋ ಸರ್ಕಾರಿ ಚೀಲದಲ್ಲಿ, ಹಾಕಿಸು ಅಂತ ಊರಿನ ಗೆಳೆಯರು ಸಲಹೆ ಕೊಟ್ಟರು. 1961ರ ವಿಯೆನ್ನಾ ಒಪ್ಪಂದದ 27ನೇ ವಿಧಿಯಲ್ಲಿ ಆ ಬ್ಯಾಗು ಸರ್ಕಾರಿ ಕಾಗದಪತ್ರಕ್ಕೆ, ಸರ್ಕಾರಿ ಬಳಕೆಯ ವಸ್ತುವಿಗೆ ಅಂತ ಇದೆ, ನಮ್ಮ ಅವ್ವನ ಹಿಟ್ಟಿಗೆ ಅಲ್ಲ. ಕೊನೆಗೆ ನವೆಂಬರಿನಲ್ಲಿ ರಜೆ ಮುಗಿಸಿ ಬರುವಾಗ ಇಪ್ಪತ್ತು ಕೆಜಿ ಹಿಟ್ಟನ್ನು ಸೂಟ್‌ಕೇಸಿನಲ್ಲೇ ತಂದೆ. ಎಕ್ಸ್‌ಟ್ರಾ ಲಗೇಜಿಗೆ ಏಳೆಂಟು ಸಾವಿರ ರೂಪಾಯಿ ಹೋಯಿತು, ಜೇಬಿನಿಂದ.

ಜನವರಿಯಲ್ಲಿ ಆ ಹಿಟ್ಟು ತೆಗೆದು ನಾದಿದರೆ ಒಂದು ರೊಟ್ಟಿಯೂ ಸರಿ ಬರಲಿಲ್ಲ. ಬಡಿಯುತ್ತಿದ್ದ ಹಾಗೆ ಅಂಚು ಬಿರಿಯುತ್ತಿತ್ತು. ಅಡಿಸ್ ಇರೋದು 2300 ಮೀಟರಿಗಿಂತ ಎತ್ತರದಲ್ಲಿ, ಅಲ್ಲಿ ನೀರು 92 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಎಸರು ಸಾಕಷ್ಟು ಬಿಸಿ ಇಲ್ಲ, ಅದಕ್ಕೇ ಹೀಗೆ ಅಂತ ನಾನೇ ಒಂದು ವಿಜ್ಞಾನ ಕಟ್ಟಿದೆ. ಪ್ರೆಶರ್ ಕುಕ್ಕರಿನಲ್ಲಿ ನೀರು ಕಾಯಿಸಿದೆ, ಕೈ ಸುಟ್ಟುಕೊಂಡೆ. ಎರಡು ವಾರ ಇದೇ ಹುಚ್ಚು. ಕೊನೆಗೆ ಅವ್ವನಿಗೆ ಫೋನ್ ಮಾಡಿದರೆ, "ನೀರಿಗ್ಯಾಕ ಬೈತೀಯೋ? ಹಿಟ್ಟು ಬೀಸಿಸಿ ಎಷ್ಟು ದಿನ ಆತು?" ಅಂದಳು. ಎರಡು ತಿಂಗಳು ಮೀರಿತ್ತು. ಜಿಗಿ ಎಲ್ಲಿ ಉಳಿದಿರುತ್ತೆ?

ಜನವರಿ 26 ಹೇಗೋ ಕಳೆಯಿತು, ಮಾನ ಮಾತ್ರ ಹೋಯಿತು. ರಾತ್ರಿಯೆಲ್ಲ ಕೂತು ಮಾಡಿದ ಅರವತ್ತು ರೊಟ್ಟಿಯಲ್ಲಿ ಅರ್ಧ ಚೂರಾಗಿತ್ತು. ಉಳಿದದ್ದರಲ್ಲಿ ಇನ್ನೊಂದು ಪೆಟ್ಟು. ರಿಸೆಪ್ಷನ್ ಅಂದ್ರೆ ನಿಂತು ತಿನ್ನೋದು, ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಕೈ ಬಂದವರಿಗೆಲ್ಲ ಕೊಡೋಕೆ, ಅಂಥದ್ದರಲ್ಲಿ ರೊಟ್ಟಿ ಮುರಿದು ಬದನೆಕಾಯಿ ಹಿಸುಕಿ ತಿನ್ನೋಕೆ ಮೂರನೇ ಕೈ ಬೇಕು. ಹತ್ತು ವರ್ಷ ರಿಸೆಪ್ಷನ್ ಮಾಡಿಸಿದ ನನಗೆ ಇದು ಹೊಳೆಯಲಿಲ್ಲ ನೋಡಿ! ಒಬ್ಬ ರಾಯಭಾರಿಯ ಬೂದು ಸೂಟಿನ ಮೇಲೆ ಎಣ್ಣೆಗಾಯಿಯ ಎಣ್ಣೆ ಬಿತ್ತು. ಪುಣ್ಯಾತ್ಮ ನಕ್ಕುಬಿಟ್ಟರು. ಸಮೋಸ ಗೆದ್ದಿತು.

ಆಮೇಲೆ ಮನಸ್ಸು ಬಿಡಲಿಲ್ಲ. ಜೋಳದ ಮೂಲ ಆಫ್ರಿಕಾದ ಆ ಭಾಗವೇ ಅಲ್ವಾ, ಇಥಿಯೋಪಿಯಾದವರು ಅದನ್ನು ಮಶಿಲಾ ಅಂತಾರೆ. ಹೂವಿನ ಊರಲ್ಲಿ ಕೂತು ಕುಷ್ಟಗಿಯಿಂದ ಹೂವು ಹೊತ್ತು ತಂದ ಹಾಗಾಯ್ತು ನನ್ನ ಕಥೆ. ಮರ್ಕಾಟೋ ಮಾರ್ಕೆಟ್ಟಿನಲ್ಲಿ ಚೀಲಗಟ್ಟಲೆ ಸಿಗುತ್ತದೆ. ಕೆಂಪು ಜೋಳ ತಗೋಬೇಡಿ, ಒಗರು. ಬಿಳೀದು ಹುಡುಕಿ ಅಲ್ಲೇ ಗಿರಣಿಯಲ್ಲಿ ಬೀಸಿಸಿ ನಾಲ್ಕು ದಿನದೊಳಗೆ ಮುಗಿಸಿದರೆ ನಮ್ಮ ಹಿಂಗಾರಿ ಜೋಳಕ್ಕೆ ಹತ್ತಿರ ಹತ್ತಿರ ಬರುತ್ತದೆ. ಅದೇ 92 ಡಿಗ್ರಿಯ ಎಸರು ಸಾಕಾಯಿತು.

ಹಂಚಿನ ವಿಷಯಕ್ಕೆ ಬರ್ತೀನಿ, ನನ್ನ ಹೆಮ್ಮೆ ಇಲ್ಲೇ. ಅಲ್ಲಿಯವರು ಇಂಜೆರಾ ಅನ್ನೋ ಹುಳಿ ದೋಸೆ ಬೇಯಿಸೋಕೆ ಮಿತಾದ್ ಅಂತ ದೊಡ್ಡ ಹಂಚು ಬಳಸ್ತಾರೆ, ಈಗ ಕರೆಂಟಿನದೂ ಬಂದಿದೆ, ಅಗಲ ಎರಡು ಅಡಿ ಹತ್ತಿರ ಇರಬಹುದು. ಅದರ ಮೇಲೆ ಅಂಗೈ ಅಗಲದ ಪುಟ್ಟ ರೊಟ್ಟಿ ಒಂದೇ ಸಲಕ್ಕೆ ಹನ್ನೆರಡು ಹದಿಮೂರು ಹಾಕಬಹುದು. ಬಡಿದು, ಮೇಲೆ ನೀರು ಸವರಿ, ಬೇಯಿಸಿ, ಆಮೇಲೆ ಸಣ್ಣ ಕಾವಿನಲ್ಲಿ ಬಿಟ್ಟರೆ ಖಡಕ್ ಆಗುತ್ತದೆ. ಒಂದು ಕೈಯಲ್ಲಿ ಎತ್ತಿ ಬಾಯಿಗೆ ಹಾಕಬಹುದು. ಎಣ್ಣೆಗಾಯಿಯನ್ನು ರುಬ್ಬಿ ಗಟ್ಟಿ ಮಾಡಿ ಮೇಲೆ ಒಂದು ಚಮಚ ಇಟ್ಟೆ. ರೊಟ್ಟಿ ನೆನೆಯದ ಹಾಗೆ ನಡುವೆ ಏನು ಸವರಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಟೆಫ್ ಅನ್ನೋ ಅಲ್ಲಿನ ಸಣ್ಣ ಕಾಳಿನ ಹಿಟ್ಟಿನಲ್ಲೂ ರೊಟ್ಟಿ ಬಡಿದು ನೋಡಿದೆ. ಕೈಗೆ ಅಂಟಿತೇ ಹೊರತು ಹಂಚಿಗೆ ಹೋಗಲಿಲ್ಲ. ಇಂಜೆರಾದ ಹುಳಿಹಿಟ್ಟನ್ನು ಅಂಬಲಿಗೆ ಹಾಕಿದ್ದೂ ಉಂಟು, ಅದು ಪರವಾಗಿಲ್ಲ. ಅವರ ಶಿರೋ ಅನ್ನೋ ಕಡಲೆಹಿಟ್ಟಿನ ಸಾರು ತಿಂದಾಗ ಝುಣಕ ನೆನಪಾಗಿ ಮೂರು ತುತ್ತು ಜಾಸ್ತಿ ತಿಂದೆ. ಎಲ್ಲಕ್ಕಿಂತ ದೊಡ್ಡ ಲಾಭ ನೂಗ್. ಅಂಗಡಿಯವನು ಆ ಕಪ್ಪು ಕಾಳನ್ನು ಕೈಗೆ ಸುರಿದಾಗ ಎದೆ ಝಲ್ ಅಂತು, ನಮ್ಮ ಗುರೆಳ್ಳು! ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದೆ.

ಈ ಸಲ ಆಗಸ್ಟ್ 15 ಹಿಡಿದೆ. ಬೇಕಂತಲೇ. ಆಗಸ್ಟ್ 7ರಿಂದ 21ರವರೆಗೆ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಫಿಲ್ಸೆತಾ ಉಪವಾಸ. ಹಾಲು, ಬೆಣ್ಣೆ, ಮೊಟ್ಟೆ, ಮಾಂಸ ಯಾವುದೂ ತಿನ್ನಲ್ಲ. ನಮ್ಮ ರೊಟ್ಟಿ, ಎಣ್ಣೆಗಾಯಿಗೆ ಇವೊಂದೂ ಬೇಡ. ಹಿಂದಿನ ವರ್ಷ ಧ್ವಜಾರೋಹಣ ಆದ ಮೇಲೆ ನಾವು ತುಪ್ಪದ ಲಡ್ಡು, ಪನ್ನೀರು ಇಟ್ಟಿದ್ದೆವು. ಲೋಕಲ್ ಸ್ಟಾಫ್ ಸುಮ್ನೆ ಟೀ ಹಿಡಿದು ನಿಂತಿದ್ದರು, ಹಾಲಿಲ್ಲದ ಟೀ. ನಾನು ಆಗ ಗಮನಿಸಿದ್ದೆ, ಬಾಯಿ ಬಿಟ್ಟಿರಲಿಲ್ಲ.

ಮಳೆಗಾಲ ಅನ್ನೋದು ಮರೆತಿದ್ದೆ. ಮೂರು ದಿನ ಮೊದಲು ಮಾಡಿಟ್ಟ ರೊಟ್ಟಿ 14ರ ಸಂಜೆ ಮೆತ್ತಗಾಗಿ ಚಪಾತಿ ಥರ ಬಾಗುತ್ತಿತ್ತು. ಮತ್ತೆ ಕಾಯಿಸೋಣ ಅಂದರೆ ಕರೆಂಟಿಲ್ಲ. ಬದನೆಕಾಯಿಯವನು "ಎರಡು ಗಂಟೆಗೆ ಬರ್ತೀನಿ" ಅಂದಿದ್ದ, ಮಧ್ಯಾಹ್ನ ಅಂದುಕೊಂಡೆ. ಅಲ್ಲಿ ಗಂಟೆ ಎಣಿಸೋದು ಬೆಳಗಿನ ಆರರಿಂದ. ಅವನ ಎರಡು ಅಂದ್ರೆ ನಮ್ಮ ಎಂಟು. ಬಂದು, ಕಾದು, ಹೋಗಿದ್ದ. ಮತ್ತೆ ಮರ್ಕಾಟೋಗೆ ಓಡಿ ಎರಡು ಪಟ್ಟು ಕೊಟ್ಟು ತಂದೆ. ಕರೆಂಟ್ ಬಂದಿದ್ದು ರಾತ್ರಿ ಎರಡಕ್ಕೆ, ನಮ್ಮ ಎರಡು. ಅಡುಗೆಯ ಹೆಣ್ಣುಮಗಳು, ನಾನು, ಡ್ರೈವರ್ ಮೂವರೂ ಬೆಳಗಿನ ತನಕ ರೊಟ್ಟಿ ಕಾಯಿಸಿದೆವು.

ಏಳುನೂರು ರೊಟ್ಟಿ ಇದ್ದಿರಬೇಕು. ರಾಷ್ಟ್ರಪತಿಗಳ ಭಾಷಣ ಓದಿ ಮುಗಿಸಿದ ಮುಕ್ಕಾಲು ಗಂಟೆಯಲ್ಲಿ ತಟ್ಟೆ ಖಾಲಿ. ಖರ್ಚು ಹದಿನಾಲ್ಕು ಹದಿನೈದು ಸಾವಿರ ಬಿರ್. ಆಗ ಒಂದು ಬಿರ್ ಅಂದ್ರೆ ನಮ್ಮ ಒಂದೂವರೆ ರೂಪಾಯಿ. ಹೋಟೆಲಿನವರು ಅದರ ಮೂರು ಪಟ್ಟು ಕೇಳಿದ್ದರು. ಪ್ರಯೋಗಕ್ಕೆ ಹೋದ ನನ್ನ ದುಡ್ಡು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಹೆಂಡತಿಗೂ ಹೇಳಿಲ್ಲ. ಅಲ್ಲಿನ ಸಚಿವಾಲಯದ ಹಿರಿಯರೊಬ್ಬರು ಗುರೆಳ್ಳು ಪುಡಿ ಹಚ್ಚಿದ ರೊಟ್ಟಿ ಕಡಿದು, ಇದು ನಮ್ಮ ನೂಗ್ ಅಲ್ಲವಾ, ಭಾರತದಲ್ಲಿ ಹೇಗೆ ಅಂತ ನನ್ನನ್ನೇ ತರಾಟೆಗೆ ತಗೊಂಡರು. ಅರ್ಧ ಗಂಟೆ ಮಾತಾಡಿದೆವು. ಎರಡು ತಿಂಗಳಿಂದ ಅವರ ಟೇಬಲ್ಲಿನಲ್ಲಿ ಮಲಗಿದ್ದ ನಮ್ಮದೊಂದು ಫೈಲು ಮುಂದಿನ ವಾರ ಎದ್ದಿತು. ರೊಟ್ಟಿಯಿಂದಲೇ ಅಂತ ನಾನು ಹೇಳಲ್ಲ. ಮೀಟಿಂಗ್‌ನಲ್ಲಿ ನಕ್ಕವರೇ ಹೇಳಿದರು.

ವಾಪಸ್ ಬರುವಾಗ ಆ ಕರೆಂಟಿನ ಮಿತಾದ್ ಹೊತ್ತು ತಂದೆ. "ಮದುವಿ ಮನಿ ಹಂಚು ತಂದೀಯಲ್ಲೋ" ಅಂದಳು ಅವ್ವ. ಮೊದಲ ದಿನ ಸ್ವಿಚ್ ಹಾಕಿದ್ದಕ್ಕೆ ಮನೆಯ ಫ್ಯೂಸ್ ಹೋಯಿತು. ಈಗ ಅದನ್ನು ಜೋಳದ ಡ್ರಮ್ಮಿನ ಮೇಲೆ ಮುಚ್ಚಿಟ್ಟಿದ್ದಾಳೆ, ಇಲಿ ಹೋಗದ ಹಾಗೆ.