ಎ ಸೈಡ್ ಮುಲ್ಕಿಯವರೆಗೆ

ಹೋದ ವರ್ಷ ಆಟಿಯಲ್ಲಿ, ತುಳುವರ ಮಳೆಗಾಲದ ತಿಂಗಳಲ್ಲಿ, ಒಂದು ಸಂಜೆ. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಟಿವಿಯಲ್ಲಿ ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಹಾಡೊಂದು ಬರುತ್ತಿತ್ತು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ ಅಪ್ಪ ಹಾಗೇ ಹೇಳಿದರು, "ಪಾವಂಜೆ ಸೇತುವೆ."

"ಎಂಥ ಅಪ್ಪ?"

"ಈ ಹಾಡು ಪಾವಂಜೆ ಸೇತುವೆಯಲ್ಲಿ ಬರ್ತಿತ್ತು."

ಅಪ್ಪನಿಗೆ ಎಪ್ಪತ್ತನಾಲ್ಕು. ನನಗೆ ಒಮ್ಮೆ ಹೆದರಿಕೆಯಾಯಿತು. ಅಮ್ಮ ಅಡುಗೆಮನೆಯಿಂದಲೇ ಬಿಡಿಸಿ ಹೇಳಿದರು: "ಅವರ ಬಸ್ಸಿನ ಕ್ಯಾಸೆಟ್ ಮಾರಾಯ. ಅಟ್ಟದಲ್ಲಿ ಉಂಟಲ್ಲ."

ಅಪ್ಪ ಇಪ್ಪತ್ತಮೂರು ವರ್ಷ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಓಡಿಸಿದವರು. ಸ್ಟೇಟ್ ಬ್ಯಾಂಕ್ ಅಂತ ಕರೆಯುವ ಮಂಗಳೂರಿನ ಬಸ್‌ಸ್ಟ್ಯಾಂಡಿನಿಂದ ಉಡುಪಿಗೆ ಹೆಚ್ಚುಕಡಿಮೆ ಅರುವತ್ತು ಕಿಲೋಮೀಟರ್. ಆಗ ಅದು ಎನ್.ಎಚ್. 17, ಎರಡೇ ಲೇನ್, ಎದುರಿನಿಂದ ಲಾರಿ ಬಂದರೆ ಮಣ್ಣಿಗೆ ಇಳಿಸಬೇಕು. ಒಂದು ಟ್ರಿಪ್ಪಿಗೆ ಒಂದೂವರೆ ಗಂಟೆ. ಒಂದು ಸಿ-90 ಕ್ಯಾಸೆಟ್ಟಿಗೂ ಅಷ್ಟೇ ಸಮಯ, ಒಂದು ಬದಿಗೆ ನಲವತ್ತೈದು ನಿಮಿಷ. ಅಪ್ಪ ಹಾಡುಗಳ ಪಟ್ಟಿ ಬರೆದು ಕ್ಯಾಸೆಟ್ ಅಂಗಡಿಯಲ್ಲಿ ಕೊಟ್ಟು ತುಂಬಿಸಿಕೊಳ್ಳುತ್ತಿದ್ದರು. ಎ ಸೈಡ್ ಮುಲ್ಕಿಯವರೆಗೆ. ಮುಲ್ಕಿಯಲ್ಲಿ ಜನ ಇಳಿದು ಹತ್ತುವಾಗ ಕ್ಯಾಸೆಟ್ ಮಗುಚುವುದು, ಕಂಡಕ್ಟರ್ "ರೈಟ್ ಪೋಯಿ", ಹೋಗುವ ಅನ್ನುವುದು, ಶಾಂಭವಿ ಸೇತುವೆ ಹತ್ತುವಾಗ ಬಿ ಸೈಡ್ ಶುರು. ಇಪ್ಪತ್ತಮೂರು ವರ್ಷ ದಿನಕ್ಕೆ ನಾಲ್ಕು ಸಲ ಹೀಗೆ ಮಾಡಿದ ಮನುಷ್ಯನಿಗೆ ಹಾಡು ಕೇಳಿದ ಕೂಡಲೇ ಊರು ಕಾಣುವುದರಲ್ಲಿ ಆಶ್ಚರ್ಯ ಏನುಂಟು?

ಆ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವಿಗೆ ಹಾಕಿ, ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಅದೇ ಲೈನಿನಲ್ಲಿ ಒಂದು ಭಾನುವಾರ ಹೋಗಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ. ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಏಳು ತಿಂಗಳು ಹಿಡಿಯಿತು.

ಮೊದಲ ತಪ್ಪು, ಬೇರೆಯವರ ಕೈಗೆ ಕೊಟ್ಟದ್ದು. ಕ್ಯಾಸೆಟ್ ಕಾಪಿ ಮಾಡಿಕೊಡುತ್ತೇವೆ ಎಂದು ಬೋರ್ಡ್ ಹಾಕಿದ್ದ ಅಂಗಡಿಗೆ ಐದು ಕೊಟ್ಟೆ. ಬಂದದ್ದು ಒಂದೇ ಕಿವಿಗೆ ಕೇಳುವ ಹಾಡು. ಅದೂ ಒಂದೊಂದನ್ನೇ ಕತ್ತರಿಸಿ, ನಡುವಿನ ಖಾಲಿ ಜಾಗ ತೆಗೆದು, 'ಟ್ರ್ಯಾಕ್ 1, ಟ್ರ್ಯಾಕ್ 2' ಎಂದು ಹೆಸರಿಟ್ಟು. ಅಪ್ಪ ಎರಡು ಹಾಡು ಕೇಳಿ ಎದ್ದು ಹೋದರು. ಏನೂ ಹೇಳಲಿಲ್ಲ. ನಾನೇ ಮಾಡುವುದು ಎಂದು ನಿಶ್ಚಯಿಸಿದ್ದು ಆಗ.

ಅಟ್ಟದಿಂದ ಪೆಟ್ಟಿಗೆ ಇಳಿಸಿದೆ. ಅದರಲ್ಲಿ ಮೂವತ್ತೆಂಟು, ಚಾವಡಿಯ ಶೋಕೇಸಿನಲ್ಲಿ ಇಪ್ಪತ್ತಾರು, ಒಟ್ಟು ಅರುವತ್ತನಾಲ್ಕು ಕ್ಯಾಸೆಟ್. ತಮಾಷೆ ಏನೆಂದರೆ, ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಚಂದ ಮಾಡಿ ಇಟ್ಟದ್ದೇ ಹಾಳಾಗಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಮಸಿ ತಿಂದುಕೊಂಡು ಬಿದ್ದಿದ್ದವು ಗಟ್ಟಿಯಾಗಿದ್ದವು. ವರ್ಷಕ್ಕೆ 3500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಒಲೆಯ ಬಿಸಿಗಿಂತ ದೊಡ್ಡ ಔಷಧ ಇಲ್ಲ.

ಬೂಸ್ಟು ಹಿಡಿದದ್ದನ್ನು ಗುರುತಿಸುವುದು ಸುಲಭ. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ, ಇಡ್ಲಿಹಿಟ್ಟು ಚೆಲ್ಲಿ ಒಣಗಿದ ಹಾಗೆ. ಇಂಥದ್ದನ್ನು ಒಳ್ಳೆಯ ಪ್ಲೇಯರಿಗೆ ಹಾಕಲೇಬಾರದು. ಒಂದರ ಬೂಸ್ಟು ಹೆಡ್ಡಿಗೆ, ಅಂದರೆ ಟೇಪಿಗೆ ತಾಗಿ ಹಾಡು ಓದುವ ಭಾಗಕ್ಕೆ, ಹತ್ತಿ ಮುಂದಿನದ್ದಕ್ಕೂ ಹೋಗುತ್ತದೆ. ನಾನು ಇದಕ್ಕೆಂದೇ ಗುಜರಿಯಿಂದ ಒಂದು ಹಳೆ ಪ್ಲೇಯರ್ ತಂದೆ. ಚಳಿಗಾಲದ ಒಣ ಬಿಸಿಲಿಗೆ ಕಾದು, ಮುಖಕ್ಕೆ ಮಾಸ್ಕ್ ಕಟ್ಟಿ, ಅಂಗಳದಲ್ಲಿ ಕೂತು, ಮೆತ್ತನೆ ಬಟ್ಟೆಯ ನಡುವೆ ಟೇಪ್ ಹಾಯುವಂತೆ ನಿಧಾನಕ್ಕೆ ಆ ಕಡೆಯಿಂದ ಈ ಕಡೆಗೆ ಸುತ್ತಿದೆ. ಒಂದು ಕ್ಯಾಸೆಟ್ಟಿಗೆ ಅರ್ಧ ದಿನ. ಇಪ್ಪತ್ತಾರರಲ್ಲಿ ಒಂಬತ್ತು ಉಳಿದವು.

ಅಪ್ಪನ ಟೇಪ್ ರೆಕಾರ್ಡರ್ ಆನ್ ಆಯಿತು, ಆದರೆ ಚಕ್ರ ತಿರುಗಲಿಲ್ಲ. ಬಿಚ್ಚಿದರೆ ಒಳಗಿನ ರಬ್ಬರ್ ಬೆಲ್ಟ್ ಕರಗಿ ಹಲಸಿನ ಮೇಣದ ಹಾಗೆ ಪುಲ್ಲಿಗೆ ಅಂಟಿಕೊಂಡಿತ್ತು. ಹಲಸಿನ ಮೇಣಕ್ಕಾದರೆ ತೆಂಗಿನೆಣ್ಣೆ ಸಾಕು. ಇಲ್ಲಿ ಎಣ್ಣೆ ತಾಗಿಸಿದರೆ ಮುಗಿಯಿತು, ಹೊಸ ಬೆಲ್ಟ್ ಜಾರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಉಜ್ಜಿ ಉಜ್ಜಿ ತೆಗೆದೆ. ಬೆಲ್ಟ್ ಹಾಕಿಕೊಟ್ಟವರು ಬಂದರಿನ ಕಡೆ ಇನ್ನೂ ರೇಡಿಯೋ ರಿಪೇರಿ ಮಾಡುವ ಒಬ್ಬರು ಹಿರಿಯರು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತೋರಿಸಿದವರೂ ಅವರೇ. "ನೋಡಿ, ಇದನ್ನು ಕೂದಲಷ್ಟು ತಿರುಗಿಸಿ. ಶಬ್ದ ಎಲ್ಲಿ ಚುರುಕಾಗ್ತದೋ ಅಲ್ಲಿ ನಿಲ್ಲಿಸಿ. ಕಣ್ಣಲ್ಲ, ಕಿವಿ ಬೇಕು ಇದಕ್ಕೆ."

ಈ ಒಂದು ಸ್ಕ್ರೂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ಯಾಸೆಟ್ ಟೇಪಿನ ಅಗಲ ನಾಲ್ಕು ಮಿ.ಮೀ. ಕೂಡ ಇಲ್ಲ. ಹಾಡು ತುಂಬಿಸಿದ ಮೆಷಿನಿನ ಹೆಡ್ ಯಾವ ಕೋನದಲ್ಲಿತ್ತೋ, ನುಡಿಸುವ ಹೆಡ್ಡೂ ಅದೇ ಕೋನದಲ್ಲಿರಬೇಕು. ಒಂಚೂರು ವಾಲಿದರೂ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಅಪ್ಪನ ಕ್ಯಾಸೆಟ್‌ಗಳು ಮೂರು ನಾಲ್ಕು ಅಂಗಡಿಗಳಲ್ಲಿ ತುಂಬಿಸಿದವು, ಒಂದೊಂದಕ್ಕೆ ಒಂದೊಂದು ಕೋನ. ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದಗಳ ಕ್ಯಾಸೆಟ್ ಹಾಕಿ ಸ್ಕ್ರೂ ತಿರುಗಿಸುತ್ತಾ ಕೂತಿದ್ದೆ. ಹಿಂದಿನಿಂದ ಅಪ್ಪ, "ಹಾಂ, ಈಗ ತಾಳ ಬಂತು. ಇನ್ನು ಮುಟ್ಟಬೇಡ" ಎಂದರು. ನನಗೆ ಅಷ್ಟು ವ್ಯತ್ಯಾಸ ಗೊತ್ತಾಗಿರಲಿಲ್ಲ. ಹೆಡ್‌ಫೋನ್ ತೆಗೆದು ಮತ್ತೊಮ್ಮೆ ಕೇಳಿದೆ. ಹೌದು, ಭಾಗವತರ ಕೈಯ ತಾಳ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕಿಣಿಕಿಣಿ ಅನ್ನುತ್ತಿತ್ತು. ಅದರ ನಂತರ ಸ್ಕ್ರೂ ನನ್ನ ಕೈಯಲ್ಲಿ, ತೀರ್ಪು ಅಪ್ಪನದ್ದು.

ನಾವಡರ ಕ್ಯಾಸೆಟ್ ಸಂಜೆಯ ಕೊನೆಯ ಟ್ರಿಪ್ಪಿಗೆ. ಬೆಳಗಿನ ಮೊದಲ ಟ್ರಿಪ್ಪಿಗೆ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್. ಹಗಲಿಗೆ ಸಿನಿಮಾ ಹಾಡು. ಇದು ಅಪ್ಪನ ಕಾನೂನು, ಕಂಡಕ್ಟರಿಗೂ ಬದಲಾಯಿಸುವ ಹಾಗಿರಲಿಲ್ಲ. 1990ರಲ್ಲಿ ನಾವಡರು ಬೈಕ್ ಅಪಘಾತದಲ್ಲಿ ತೀರಿಕೊಂಡರು, ಮೂವತ್ತರ ಆಚೀಚಿನ ಪ್ರಾಯ. ಅವತ್ತು ಸಂಜೆ ಅಪ್ಪ ಡೆಕ್ಕಿಗೆ ಏನೂ ಹಾಕಲಿಲ್ಲವಂತೆ. ಬಸ್ಸಿನಲ್ಲಿದ್ದ ಯಾರೂ ಯಾಕೆ ಎಂದು ಕೇಳಲಿಲ್ಲವಂತೆ.

ಇನ್ನು ಕಂಪ್ಯೂಟರಿನ ಭಾಗ. ಇಲ್ಲಿ ಕಥೆ ಕಡಿಮೆ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರ್ ಹಾಕಬೇಡಿ, ನಾನು ಹಾಕಿ ಕೆಟ್ಟೆ. ಮೈಕಿಗೆಂದು ಮಾಡಿದ ತೂತು ಅದು. ಜೋರು ಸಿಗ್ನಲ್ ಕೊಟ್ಟರೆ ಒಡೆದ ಸ್ವರ ಬರುತ್ತದೆ, ಅದೂ ಒಂದೇ ಕಿವಿಯದ್ದು. ಅಂಗಡಿಯವರು ಮಾಡಿದ್ದೂ ಇದೇ ಇರಬೇಕು ಎಂದು ಆಗ ಹೊಳೆಯಿತು. ಲೈನ್-ಇನ್, ಅಂದರೆ ಇಂಥ ಜೋರು ಸಿಗ್ನಲ್ಲಿಗೆಂದೇ ಮಾಡಿದ ತೂತು, ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಿ. ಆಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಉಂಟು. 44,100 ಹರ್ಟ್ಸ್, 16 ಬಿಟ್, ಸ್ಟೀರಿಯೊ ಎಂದು ಇಟ್ಟು ರೆಕಾರ್ಡ್ ಒತ್ತಿದರೆ ಆಯಿತು. ಮೀಟರ್ ಕೆಂಪಿಗೆ ಹೋಗದ ಹಾಗೆ ನೋಡಿಕೊಳ್ಳಿ. ಒಂದು ಬದಿಗೆ ಸುಮಾರು 450 ಎಂಬಿ ಆಗುತ್ತದೆ. ನಲವತ್ತೈದು ನಿಮಿಷದ ಹಾಡಿಗೆ ನಲವತ್ತೈದು ನಿಮಿಷವೇ ಬೇಕು, ಅವಸರ ಮಾಡಲಿಕ್ಕೆ ದಾರಿಯಿಲ್ಲ. ನಾನು ಆಫೀಸಿನಿಂದ ಬಂದು ದಿನಕ್ಕೆ ಒಂದು ಬದಿ ಮಾಡುತ್ತಿದ್ದೆ. ಮನೆಯಲ್ಲಿ ಊಟದ ಹೊತ್ತೂ ಅದಕ್ಕೇ ಹೊಂದಿಕೊಂಡಿತು.

ತುಂಡಾದ ಟೇಪ್ ಅಂಟಿಸಲು ಮಾಮೂಲಿ ಸೆಲ್ಲೋಟೇಪ್ ಹಾಕಿದ್ದು ಇನ್ನೊಂದು ಪೆದ್ದುತನ. ಅದರ ಅಂಟು ಬಿಸಿಗೆ ಹೊರಗೆ ಬಂದು ಹೆಡ್ಡಿಗೆ ಮೆತ್ತಿತು. ಸ್ಪ್ಲೈಸಿಂಗ್ ಟೇಪ್ ಅಂತಲೇ ಬೇರೆ ಬರುತ್ತದೆ, ತರಿಸಿಕೊಳ್ಳಿ. ಸಿ-90ರ ಟೇಪ್ ಸಿ-60ರದ್ದಕ್ಕಿಂತ ತೆಳು, ಸುಮ್ನೆ ಎಳೆದರೂ ಹಿಗ್ಗುತ್ತದೆ. ಎಂಜಿನ್ ಬಿಸಿಯ ಪಕ್ಕ ಇಷ್ಟು ವರ್ಷ ಓಡಿದ್ದು ನೋಡಿದರೆ ಕೈಮುಗಿಯಬೇಕು.

ಆಡಾಸಿಟಿಯಲ್ಲಿ 'ನಾಯ್ಸ್ ರಿಡಕ್ಷನ್' ಎಂದು ಒಂದು ಗುಂಡಿ ಉಂಟು. ಸಿಕ್ಕಿದ ಖುಷಿಗೆ ಮೊದಲ ಹತ್ತಕ್ಕೆ ಜೋರಾಗಿಯೇ ಒತ್ತಿದೆ. ಸುಂಯ್ ಶಬ್ದ ಹೋಯಿತು, ಜೊತೆಗೆ ಎಸ್. ಜಾನಕಿಯವರ ಉಸಿರೂ ಹೋಯಿತು. ನೀರಿನೊಳಗಿನಿಂದ ಹಾಡಿದ ಹಾಗಾಯಿತು. ಎಲ್ಲ ಅಳಿಸಿ ಮತ್ತೆ ತುಂಬಿಸಿದೆ. ಹತ್ತು ಕ್ಯಾಸೆಟ್, ಇಪ್ಪತ್ತು ಸಂಜೆ.

ಹಾಡುಗಳನ್ನು ಕತ್ತರಿಸಲೂ ಇಲ್ಲ. ಒಂದು ಬದಿ ಎಂದರೆ ಒಂದು ಫೈಲ್. ಹಾಡಿನ ನಡುವಿನ ನಾಲ್ಕು ಸೆಕೆಂಡ್ ಖಾಲಿ, ಕೊನೆಯ ಹಾಡು ಅರ್ಧದಲ್ಲೇ ನಿಂತು ಹೋಗುವುದು, ಎಲ್ಲ ಇದ್ದ ಹಾಗೇ. ಕತ್ತರಿಸಿದರೆ ಹಾಡು ಸಿಗುತ್ತದೆ, ರಸ್ತೆ ಸಿಗುವುದಿಲ್ಲ. ಅಂಗಡಿಯ ಕಾಪಿ ಕೇಳಿ ಅಪ್ಪ ಎದ್ದು ಹೋದದ್ದು ಇದಕ್ಕೇ. ಕಾರಿಗೆ ಎಂಪಿ3 ಮಾಡಿದೆ, ಮೂಲ ಫೈಲ್‌ಗಳನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟೆ. ಇದು ಮನೆಯವರಿಗೆ ಮಾತ್ರ, ಎಲ್ಲಿಗೂ ಏರಿಸಿಲ್ಲ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟೆವು. ನಮ್ಮ ಮನೆಯಿಂದ ನೇರ ಹೈವೇಗೆ ಹೋಗಬಹುದಿತ್ತು. ಅಪ್ಪ ಒಪ್ಪಲಿಲ್ಲ, ಸ್ಟೇಟ್ ಬ್ಯಾಂಕಿಗೇ ಹೋಗಬೇಕು ಎಂದರು. ಅಲ್ಲಿ ಬಸ್ಸುಗಳ ಹಿಂದೆ ಎರಡು ನಿಮಿಷ ನಿಂತು, ಅವರು "ಹ್ಞೂಂ" ಅಂದ ಮೇಲೆ ಪ್ಲೇ ಒತ್ತಿದೆ. ಹಗಲಿನ ಕ್ಯಾಸೆಟ್ಟೇ ಬೇಕು ಎಂದು ಹಿಂದಿನ ದಿನವೇ ಆರಿಸಿ ಇಟ್ಟಿದ್ದರು.

ಲಾಲ್‌ಬಾಗ್ ದಾಟುವವರೆಗೆ ಎಲ್ಲ ಸರಿಯಿತ್ತು. ಕೂಳೂರು ಸೇತುವೆಗೆ ಬರುವಾಗ ಅಪ್ಪ ಸೀಟಿನಲ್ಲಿ ಸರಿದಾಡತೊಡಗಿದರು. "ಬೇಗ ಬಂದೆವು." ಪಣಂಬೂರಿನಲ್ಲಿ ಮತ್ತೆ, "ಬೇಗ ಆಯ್ತು ಮಾರಾಯ, ಈ ಹಾಡಿಗೆ ನಾವಿನ್ನೂ ಕೊಟ್ಟಾರದಲ್ಲಿ ಇರಬೇಕು."

ನಾನು ಯೋಚಿಸಿಯೇ ಇರಲಿಲ್ಲ. ರಸ್ತೆ ಈಗ ನಾಲ್ಕು ಲೇನ್, ಎನ್.ಎಚ್. 66. ಭಾನುವಾರ ಬೆಳಿಗ್ಗೆ ಖಾಲಿ. ಸ್ಟಾಪಿನಲ್ಲಿ ನಿಲ್ಲಿಸಲಿಕ್ಕಿಲ್ಲ, ಮೀನಿನ ಬುಟ್ಟಿ ಮೇಲೆ ಹಾಕಲಿಕ್ಕಿಲ್ಲ, ಚಿಲ್ಲರೆಗೆ ಜಗಳ ಇಲ್ಲ. ನಮ್ಮ ಕಾರು ಹಾಡಿಗಿಂತ ಮುಂದೆ ಓಡುತ್ತಿತ್ತು.

ಸುರತ್ಕಲ್ಲಿನಲ್ಲಿ ಬದಿಗೆ ಹಾಕಿದೆವು. ಸ್ಟೀರಿಯೊ ಬಂದ್ ಮಾಡಲಿಲ್ಲ. ಬಾಗಿಲು ತೆರೆದಿಟ್ಟು, ಹೋಟೆಲಿನಿಂದ ಬನ್ಸ್, ಚಾ ತಂದು ಕಾರಿನಲ್ಲೇ ಕೂತು ತಿಂದೆವು. ಹಾಡು ನಮ್ಮನ್ನು ಹಿಡಿಯಬೇಕಲ್ಲ. ಎರಡು ಹಾಡು ಕಳೆದ ಮೇಲೆ ಅಪ್ಪ ಗ್ಲಾಸ್ ಕೆಳಗಿಟ್ಟು, "ಈಗ ಬಿಡು" ಎಂದರು. ಮುಕ್ಕದಲ್ಲಿ ಮತ್ತೆ ನಿಧಾನ ಮಾಡಿಸಿದರು. ಹಿಂದಿನವನು ಹಾರನ್ ಹೊಡೆದೇ ಹೊಡೆದ. ಅಪ್ಪ ಕಿಟಕಿಯಿಂದ ಕೈ ಹೊರಹಾಕಿ, ಹಳೆಯ ಬಸ್ ಡ್ರೈವರುಗಳು ಮಾಡುವ ಹಾಗೆ, ಮುಂದೆ ಹೋಗು ಎಂದು ಬೀಸಿದರು.

ಪಾವಂಜೆ ಸೇತುವೆಗೆ ಸರಿಯಾಗಿ ಆ ಹಾಡೇ ಬಂತು. ಕೆಳಗೆ ನಂದಿನಿ ಹೊಳೆ, ತೆಂಗಿನ ಮರಗಳ ಮೇಲೆ ಆಗಷ್ಟೇ ಬಿಸಿಲು. ಅಪ್ಪ ಏನಾದರೂ ಹೇಳುತ್ತಾರೆ ಎಂದು ನೋಡಿದೆ. ಅವರು ರಸ್ತೆ ನೋಡುತ್ತಿದ್ದರು. ಬಲಗಾಲು ಮಾತ್ರ ಮ್ಯಾಟಿನ ಮೇಲೆ ಸಣ್ಣಗೆ ಒತ್ತುತ್ತಿತ್ತು.

ಮುಲ್ಕಿಯಲ್ಲಿ ಎ ಸೈಡ್ ಮುಗಿಯಿತು. ಕೊನೆಯ ಹಾಡಿನ ಅರ್ಧಕ್ಕೆ ಟೇಪ್ ನಿಂತ 'ಟಕ್' ಶಬ್ದವನ್ನೂ ನಾನು ಉಳಿಸಿಕೊಂಡಿದ್ದೆ. ಅದು ಕೇಳಿದ ಕೂಡಲೇ ಅಪ್ಪನ ಎಡಗೈ ತನ್ನಷ್ಟಕ್ಕೆ ಡ್ಯಾಶ್‌ಬೋರ್ಡಿನ ಕಡೆ ಹೋಯಿತು. ಅಲ್ಲಿ ಎಸಿಯ ಗುಂಡಿ ಇತ್ತು.

ಉಡುಪಿಗೆ ಹೋಗಿ ಮಠದಲ್ಲಿ ಊಟ ಮಾಡುವ ಯೋಚನೆ ಇತ್ತು, ಆದರೆ ಅಪ್ಪನಿಗೆ ದಣಿವಾಗಿತ್ತು. ಬಿ ಸೈಡ್ ಹಾಕದೆ ಸುಮ್ಮನೆ ಕಾಪುವಿಗೆ ಹೋಗಿ ಬೀಚಿಗೆ ತಿರುಗಿಸಿದೆವು. 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿತ್ತು. ಹತ್ತುವ ಪ್ರಶ್ನೆಯೇ ಇಲ್ಲ. ಸಮುದ್ರದ ಕಡೆ ಮುಖಮಾಡಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಅಮ್ಮ ಕಟ್ಟಿಕೊಟ್ಟ ಮೂಡೆ ಬಿಚ್ಚಿದೆ.

"ಬಿ ಸೈಡ್ ಹಾಕು" ಎಂದರು ಅಪ್ಪ.

ಹಾಕಿದೆ. ಮೊದಲ ಹಾಡು ಶುರುವಾಯಿತು.

"ಇದಲ್ಲ. ಇದು ಶಾಂಭವಿ ಸೇತುವೆ. ನಾವು ಕಾಪುವಿನಲ್ಲಿ ಇದ್ದೇವಲ್ಲ."

ಕತ್ತರಿಸದೆ ಇಟ್ಟ ಫೈಲು, ಮುಂದಿನ ಹಾಡು ಎಂದು ಒತ್ತಿದರೆ ಹೋಗುವುದಿಲ್ಲ. ಬೆರಳಿನಲ್ಲಿ ಅಂದಾಜಿಗೆ ಇಪ್ಪತ್ತು ನಿಮಿಷಕ್ಕೆ ಎಳೆದೆ. ಯಾವುದೋ ಹಾಡಿನ ನಡುವೆ ಬಿತ್ತು, ಪಲ್ಲವಿ ಮುಗಿದು ಕೊಳಲು ಬರುವ ಜಾಗ. ಅಪ್ಪ ಮೂಡೆಯ ತುಂಡು ಕೈಯಲ್ಲೇ ಹಿಡಿದು ಒಂದು ಕ್ಷಣ ಕಿವಿಗೊಟ್ಟರು.

"ಇದು ಉಚ್ಚಿಲ. ಇನ್ನು ಸ್ವಲ್ಪ ಮುಂದೆ ಎಳಿ."